ಒಗ್ಗರಣೆ-ಮಿರ್ಚಿಯೂ ಹಳೆಯ ಎಣ್ಣೆಯೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸಣ್ಣ ಹೋಟೆಲುಗಳಲ್ಲಿ ಬೆಳಗಿನ ಉಪಾಹಾರವೆಂದರೆ ಮಂಡಕ್ಕಿ ಒಗ್ಗರಣೆ ಹಾಗೂ ಬಿಸಿ ಮಿರ್ಚಿ. ರೈತ, ಹಮಾಲ, ವರ್ತಕ ಎಲ್ಲರೂ ಇದನ್ನೇ ಬಯಸುತ್ತಾರೆ. ಮಂಡಕ್ಕಿ, ಪುಟಾಣಿ, ಕಡಲೆಹಿಟ್ಟು, ಎಣ್ಣೆಗಳ ವ್ಯಾಪಾರವೂ ಈ ತಟ್ಟೆಯನ್ನು ಅವಲಂಬಿಸಿದೆ. ಆದುದರಿಂದ ಇದರ ಗುಣಮಟ್ಟವು ಹೋಟೆಲಿನವರೊಬ್ಬರ ಚಿಂತೆಯಲ್ಲ.

ಎಣ್ಣೆಯನ್ನು ಪದೇ ಪದೇ ಕಾಯಿಸಿದಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ. 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಬಾರದೆಂಬ ನಿಯಮವು 2018ರ ಜುಲೈ 1ರಿಂದ ಜಾರಿಯಲ್ಲಿದೆ. ಆದರೆ ಲಾಭವೇ ಅಲ್ಪವಾಗಿರುವಾಗ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಚೆಲ್ಲೆಂದರೆ ಯಾರು ಚೆಲ್ಲಿಯಾರು? ಅದಕ್ಕೊಂದು ಬೆಲೆ ದೊರೆಯಬೇಕು.

ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ತಯಾರಿಕೆಗೆ ಒದಗಿಸುವ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿಯೇ ಆರಂಭಿಸಿತು. ಒಂದೆರಡು ಲೀಟರಿಗಾಗಿ ಯಾವ ಸಂಗ್ರಾಹಕನೂ ಇಲ್ಲಿಗೆ ಬಾರನು. ನಮ್ಮ ಎಣ್ಣೆ ವರ್ತಕರು ಅಗತ್ಯ ಅನುಮತಿ ಪಡೆದು, ಹೊಸ ಡಬ್ಬಿ ಮಾರುವಾಗಲೇ ಹಳೆಯ ಎಣ್ಣೆಯನ್ನು ತೂಗಿ ಕೊಂಡು, ನಾಲ್ಕೂ ಪಟ್ಟಣಗಳದ್ದನ್ನು ಒಂದೆಡೆ ಕೂಡಿಸಿದರೆ ಖಂಡಿತ ಬರುವನು. ಈ ಏರ್ಪಾಟಿಗೆ ವಾಣಿಜ್ಯೋದ್ಯಮ ಸಂಸ್ಥೆಯೇ ಮುಂದಾಗಬೇಕು. ಗಿರಾಕಿಯ ಆರೋಗ್ಯ ಉಳಿದರೆ ವ್ಯಾಪಾರವೂ ಉಳಿಯುತ್ತದೆ.