ಪರರ ಕಣಜ, ನಮ್ಮ ಹೊಲ

2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ವಿದೇಶಿ ನೆರವನ್ನು 90 ದಿನಗಳ ಕಾಲ ತಡೆಹಿಡಿಯುವ ಆಜ್ಞೆಗೆ ಸಹಿ ಹಾಕಿದರು. ಮಾರ್ಚ್ ತಿಂಗಳಲ್ಲಿ ಆ ದೇಶದ ನೆರವು ಸಂಸ್ಥೆ ಯುಎಸ್‌ಏಡ್‌ನ ಶೇಕಡಾ 83ರಷ್ಟು ಯೋಜನೆಗಳು ರದ್ದಾದವೆಂದು ಪ್ರಕಟವಾಯಿತು. ಜುಲೈ 1ಕ್ಕೆ ಸಂಸ್ಥೆಯೇ ತನ್ನ ಕಾರ್ಯವನ್ನು ನಿಲ್ಲಿಸಿತು. ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು 1943ರಲ್ಲಿ ಸ್ಥಾಪಿಸಿದ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಸಂಸ್ಥೆಗೆ ಇದು ದೊಡ್ಡ ಆಘಾತವಾಯಿತು. ಅದರ ವಾರ್ಷಿಕ ವೆಚ್ಚದ ಸುಮಾರು ಅರ್ಧಭಾಗ ಸರ್ಕಾರದ ಬೊಕ್ಕಸದಿಂದಲೇ ಬರುತ್ತಿತ್ತು. ಇಥಿಯೋಪಿಯದಂತಹ ದೇಶಗಳಲ್ಲಿ ಆ ಸಂಸ್ಥೆಯ ಧಾನ್ಯವನ್ನು ನಂಬಿದ್ದ ಬಡವರಿಗೆ ವಾಷಿಂಗ್ಟನ್ನಿನ ಒಂದು ಸಹಿ ಬರಗಾಲದಷ್ಟೇ ಭಯಾನಕವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಈ ಆಜ್ಞೆಯನ್ನು ನಿರ್ದಯವೆಂದು ಖಂಡಿಸಿ ಸುಮ್ಮನಾಗುವುದು ಸುಲಭ. ಆದರೆ ಅದು ಧರ್ಮಸಭೆಯ ಮುಂದೆ ಒಂದು ಹಳೆಯ ಪ್ರಶ್ನೆಯನ್ನು ಮತ್ತೆ ತಂದಿಟ್ಟಿದೆ: ಹಸಿದವನಿಗೆ ಉಣಬಡಿಸುವ ಸೇವೆ ಯಾರ ಕಣಜವನ್ನು ಆಧರಿಸಿರಬೇಕು?

ಭಾರತಕ್ಕೆ ಈ ಪ್ರಶ್ನೆ ಹೊಸತಲ್ಲ. ಅಮೆರಿಕವು 1954ರಲ್ಲಿ ಅಂಗೀಕರಿಸಿದ ಪಿ.ಎಲ್. 480 ಎಂಬ ಕಾನೂನಿನ ಮೂಲಕ ಅಲ್ಲಿನ ಹೆಚ್ಚುವರಿ ಧಾನ್ಯ ಇಲ್ಲಿಗೆ ಹರಿದುಬಂದಿತು. ಗೋಧಿ, ಗೋಧಿನುಚ್ಚು, ಹಾಲಿನಪುಡಿ ಮುಂತಾದ ಪದಾರ್ಥಗಳು ಸೇವಾಸಂಸ್ಥೆಗಳ ಮೂಲಕ ಶಾಲೆಗಳಿಗೂ ಧರ್ಮಕೇಂದ್ರಗಳಿಗೂ ತಲುಪಿದವು. ಶಾಲೆಯಲ್ಲಿ ಅಂದು ತಿಂದ ಗೋಧಿನುಚ್ಚಿನ ಉಪ್ಪಿಟ್ಟಿನ ರುಚಿಯನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ಉಪ್ಪಿಟ್ಟು ಅನೇಕ ಮಕ್ಕಳ ಜೀವ ಉಳಿಸಿತೆಂಬುದನ್ನು ಮರೆಯಬಾರದು. ಆದರೆ 1965–66ರ ಬರಗಾಲದಲ್ಲಿ ದೇಶ ಸುಮಾರು 1 ಕೋಟಿ ಟನ್ ಧಾನ್ಯವನ್ನು ಆಮದು ಮಾಡಿಕೊಳ್ಳಬೇಕಾಗಿ ಬಂದಾಗ ಅಧ್ಯಕ್ಷ ಲಿಂಡನ್ ಜಾನ್ಸನ್ ಹಡಗುಗಳನ್ನು ಅಳೆದು ಸುರಿದು ಕಳುಹಿಸತೊಡಗಿದರು. ಕೃಷಿನೀತಿ ಬದಲಾಗಲಿ, ವಿಯೆಟ್ನಾಂ ಯುದ್ಧದ ಟೀಕೆ ನಿಲ್ಲಲಿ ಎಂಬ ಒತ್ತಡ ಅದರ ಹಿಂದಿತ್ತು. ಪರರ ಕಣಜದ ಬೀಗದ ಕೈ ಪರರ ಸೊಂಟದಲ್ಲೇ ಇರುತ್ತದೆ ಎಂಬ ಪಾಠವನ್ನು ದೇಶ ಅಂದೇ ಕಲಿಯಿತು.

ಧರ್ಮಸಭೆಗೆ ಇನ್ನೊಂದು ನೋವೂ ಇತ್ತು. ಹಾಲಿನಪುಡಿಗಾಗಿ ಮತ ಬದಲಿಸುತ್ತಾರೆ ಎಂಬ ಆಪಾದನೆಯನ್ನು ಪ್ರಾಮಾಣಿಕ ಸೇವಕರೂ ಕೇಳಬೇಕಾಯಿತು. ದಾನ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ ಇರುವ ತನಕ ಇಂತಹ ಸಂಶಯ ಅಳಿಯುವುದು ಕಷ್ಟ. 1964ರ ಡಿಸೆಂಬರಿನಲ್ಲಿ ಮುಂಬಯಿಗೆ ಬಂದು ಭಾರತದ ಬಡತನವನ್ನು ಕಣ್ಣಾರೆ ಕಂಡ ಜಗದ್ಗುರು ಆರನೆಯ ಪೌಲರು 1967ರಲ್ಲಿ ಜನಾಂಗಗಳ ಪ್ರಗತಿಯನ್ನು ಕುರಿತು ವಿಶ್ವಪರಿಪತ್ರವನ್ನು ಹೊರಡಿಸಿದರು. ದಾನದಿಂದ ಅಭಿವೃದ್ಧಿಯ ಕಡೆಗೆ ಸಾಗಿದ ಕಥೋಲಿಕ ಸೇವಾಕಾರ್ಯಕ್ಕೆ ಅದು ಬಲವನ್ನು ನೀಡಿತು.

ಈ ಪರಿವರ್ತನೆ ಹೊಲದಲ್ಲಿ ಹೇಗೆ ನಡೆಯಿತೆಂಬುದಕ್ಕೆ ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆ (ಈಗಿನ ಅಹಿಲ್ಯಾನಗರ) ಉತ್ತಮ ಸಾಕ್ಷಿ. ಸ್ವಿಟ್ಜರ್‌ಲೆಂಡಿನಿಂದ 1948ರಲ್ಲಿ ಭಾರತಕ್ಕೆ ಬಂದ ಯೇಸುಸಭೆಯ ಗುರು ಹರ್ಮನ್ ಬಾಕರ್ ಅವರು ದಶಕಗಳ ಕಾಲ ಆ ಮಳೆನೆರಳಿನ ಪ್ರದೇಶದ ರೈತರೊಡನೆ ದುಡಿದರು. ಅವರ ಪ್ರಯತ್ನದ ಫಲವಾಗಿ 1980ರ ದಶಕದ ಕೊನೆಯಲ್ಲಿ ಭಾರತ-ಜರ್ಮನ್ ಜಲಾನಯನ ಕಾರ್ಯಕ್ರಮ ರೂಪುಗೊಂಡಿತು. ಹಣ ಜರ್ಮನಿಯದು, ಉಸ್ತುವಾರಿ ನಬಾರ್ಡ್ ಬ್ಯಾಂಕಿನದು, ಕೆಲಸ ಹಳ್ಳಿಯವರದು. ಗ್ರಾಮಗಳನ್ನು ಇದಕ್ಕೆ ಸಿದ್ಧಗೊಳಿಸುವ ಸಲುವಾಗಿ 1993ರಲ್ಲಿ ಬಾಕರ್ ಮತ್ತು ಕ್ರಿಸ್ಪಿನೋ ಲೋಬೋ ‘ವಾಟರ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಕಾರ್ಯಕ್ರಮದ ತತ್ತ್ವ ಸರಳವಾದುದು. ಓಡುವ ನೀರನ್ನು ನಡೆಯುವಂತೆ, ನಡೆಯುವ ನೀರನ್ನು ನಿಲ್ಲುವಂತೆ, ನಿಂತ ನೀರನ್ನು ಇಂಗುವಂತೆ ಮಾಡಬೇಕು. ಗುಡ್ಡದ ನೆತ್ತಿಯಲ್ಲಿ ಕಂದಕ ತೋಡಿ ಗಿಡ ನೆಡುವುದು ಮೊದಲು, ಬಳಿಕ ಇಳಿಜಾರಿನ ಕೊರಕಲುಗಳಿಗೆ ಕಲ್ಲಿನ ತಡೆ ಮತ್ತು ಹೊಲಗಳಿಗೆ ಬದು, ಕೊನೆಯಲ್ಲಿ ಹಳ್ಳಕ್ಕೆ ಒಡ್ಡು. ಆದರೆ ಇದಕ್ಕೆ ಮುಂಚೆ ಒಂದು ನಿಯಮವಿತ್ತು. ಗ್ರಾಮಸಭೆ ಸೇರಿ ತನ್ನದೇ ಸಮಿತಿಯನ್ನು ಆರಿಸಬೇಕು, ಮರ ಕಡಿಯುವುದನ್ನೂ ದನಕರುಗಳ ಬಿಡುಮೇವನ್ನೂ ನಿಲ್ಲಿಸಲು ಒಪ್ಪಬೇಕು, ದುಡಿಮೆಯ ಒಂದು ಪಾಲನ್ನು ಶ್ರಮದಾನವಾಗಿ ನೀಡಬೇಕು. ಸಣ್ಣ ಭಾಗವೊಂದರಲ್ಲಿ ಇದನ್ನು ಮಾಡಿ ತೋರಿಸಿದ ಹಳ್ಳಿಗೆ ಮಾತ್ರ ಮುಂದಿನ ಹಣ. ಸಂಗಮನೇರ್ ತಾಲ್ಲೂಕಿನ ದಾರೇವಾಡಿಯಲ್ಲಿ 1996ರ ಮುಂಚೆ ಬೇಸಿಗೆ ಬಂತೆಂದರೆ ಕುಡಿಯುವ ನೀರನ್ನು ಲಾರಿ ತರಬೇಕಾಗಿತ್ತು. ಕೆಲವೇ ವರ್ಷಗಳಲ್ಲಿ ಲಾರಿಯ ಅಗತ್ಯ ತಪ್ಪಿತು. ವರ್ಷಕ್ಕೆ 3–4 ತಿಂಗಳಿಗೆ ಸೀಮಿತವಾಗಿದ್ದ ಹೊಲದ ಕೆಲಸ 9–10 ತಿಂಗಳಿಗೆ ಏರಿತು. 1999–2000ರಲ್ಲಿ ಕೇಂದ್ರ ಸರ್ಕಾರ ಮತ್ತು ನಬಾರ್ಡ್ ತಲಾ 100 ಕೋಟಿ ರೂಪಾಯಿ ಹಾಕಿ ಜಲಾನಯನ ಅಭಿವೃದ್ಧಿ ನಿಧಿಯನ್ನು ಸ್ಥಾಪಿಸುವಾಗ ಈ ಅನುಭವವೇ ಮಾದರಿಯಾಯಿತು. ಬಾಕರ್ ಅವರು 2021ರಲ್ಲಿ ದೈವಾಧೀನರಾದರು. ಅವರ ಕಾಲದ ಬದುಗಳಲ್ಲಿ ನಿಂತ ಮಳೆನೀರು ಯಾರ ಮತವನ್ನೂ ಕೇಳಲಿಲ್ಲ.

ಹಾಗೆಂದು ಈ ಮಾರ್ಗ ನೋವಿಲ್ಲದ ಮಾರ್ಗವಲ್ಲ. ಗುಡ್ಡಕ್ಕೆ ಆಡು, ಕುರಿ ಬಿಡಬಾರದೆಂಬ ನಿರ್ಬಂಧದ ಭಾರ ಮೊದಲು ಬೀಳುವುದು ಜಮೀನಿಲ್ಲದೆ ನಾಲ್ಕು ಆಡು ಸಾಕಿಕೊಂಡಿರುವವನ ಮೇಲೆ. ಇಂಗಿದ ನೀರಿನ ಲಾಭ ಮೊದಲು ದಕ್ಕುವುದು ಬಾವಿಯುಳ್ಳವನಿಗೆ. ನೀರು ಕಂಡೊಡನೆ ಜೋಳ, ಸಜ್ಜೆ ಬಿಟ್ಟು ಹಣದ ಬೆಳೆಗೆ ತಿರುಗಿ, ಕೊಳವೆಬಾವಿ ಕೊರೆದು, ಹತ್ತು ವರ್ಷದ ಸಂಪಾದನೆಯನ್ನು ಎರಡು ವರ್ಷದಲ್ಲಿ ಬರಿದು ಮಾಡುವ ಅಪಾಯವೂ ಇದೆ. ಬೆಳೆ ಬಂದ ಮಾತ್ರಕ್ಕೆ ಬಡವನ ಬಟ್ಟಲು ತುಂಬುವುದಿಲ್ಲ. ಆದುದರಿಂದ ನೀರಿನ ಲೆಕ್ಕವನ್ನು ಊರೇ ಕೂತು ಬರೆಯುವುದು, ಭೂಹೀನರಿಗೆ ಮೇವಿನಲ್ಲೂ ಕೂಲಿಯಲ್ಲೂ ನ್ಯಾಯವಾದ ಪಾಲು ಕೊಡುವುದು, ಒಡ್ಡು ಕಟ್ಟುವಷ್ಟೇ ಮುಖ್ಯವಾದ ಕೆಲಸ.

ಇನ್ನೊಂದು ಆಕ್ಷೇಪಕ್ಕೂ ಉತ್ತರ ಕೊಡಬೇಕು. ಇಂದು ಸಾಯುತ್ತಿರುವವನಿಗೆ ಮುಂದಿನ ವರ್ಷದ ಬೆಳೆಯ ಮಾತು ಹೇಳುವುದು ಧರ್ಮವೇ? ಖಂಡಿತ ಅಲ್ಲ. ನೆರೆ, ಬರ, ಯುದ್ಧಗಳ ವೇಳೆ ಗಂಜಿಕೇಂದ್ರ ತೆರೆಯಲೇಬೇಕು. ಗಂಜಿಕೇಂದ್ರವೇ ಶಾಶ್ವತ ಸಂಸ್ಥೆಯಾದಾಗ ಮಾತ್ರ ತಪ್ಪು ಆರಂಭವಾಗುತ್ತದೆ. ಬಾಕರ್ ಅವರ ಕಾರ್ಯಕ್ರಮಕ್ಕೂ ವಿದೇಶದ ಹಣ ಬಂದಿತ್ತು ನಿಜ. ಆದರೆ ಆ ಹಣ ಬದುವಾಗಿ, ಮರವಾಗಿ, ಒಡ್ಡಾಗಿ ಊರಿನಲ್ಲೇ ಉಳಿಯಿತು. ಕೊಟ್ಟವನು ಕೈ ಹಿಂತೆಗೆದರೂ ಬದು ಅಲ್ಲೇ ಇರುತ್ತದೆ.

ನಮ್ಮ ದೇಶದಲ್ಲಿಯೂ ಕಾಲ ಬದಲಾಗಿದೆ. 2020ರ ವಿದೇಶಿ ದೇಣಿಗೆ ತಿದ್ದುಪಡಿ ಕಾಯಿದೆಯು ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಗಳ ಆಸರೆಯಲ್ಲಿ ಹಳ್ಳಿಗಳಲ್ಲಿ ದುಡಿಯುತ್ತಿದ್ದ ಸಣ್ಣ ಸಂಸ್ಥೆಗಳು ಇದರಿಂದ ಸೊರಗಿವೆ. ಕಾಯಿದೆಯ ನ್ಯಾಯಾನ್ಯಾಯದ ಚರ್ಚೆ ನಡೆಯಲಿ. ಅದು ಮುಗಿಯುವ ತನಕ ಹೊಲ ಕಾಯುವುದಿಲ್ಲ.

ಪ್ರತಿವರ್ಷ ಸೆಪ್ಟೆಂಬರ್ 8ರಂದು ಮೊಂತಿ ಹಬ್ಬಕ್ಕೆ ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು ಹೊಸ ಅಕ್ಕಿಯ ಊಟವನ್ನು ಹಂಚಿಕೊಳ್ಳುತ್ತವೆ. ಗದ್ದೆಗಳು ಅಡಿಕೆ ತೋಟಗಳಾಗಿ, ಹಡೀಲು ಬಿದ್ದು, ಮನೆಕಟ್ಟೆಗಳಾಗಿ ಮಾರ್ಪಟ್ಟಿರುವ ಈ ದಿನಗಳಲ್ಲಿ ಆ ತೆನೆ ಎಷ್ಟು ಮನೆಗಳ ಸ್ವಂತ ಗದ್ದೆಯದು? ಹಡೀಲು ಬಿದ್ದ ಒಂದು ಗದ್ದೆಯನ್ನು ನೆರೆಹೊರೆಯವರೊಡನೆ, ಮತಭೇದವಿಲ್ಲದೆ, ಮತ್ತೆ ಉಳುವುದಕ್ಕೆ ಯಾವ ವಿದೇಶದ ಅನುಮತಿಯೂ ಬೇಕಿಲ್ಲ. ಐದು ರೊಟ್ಟಿಗಳ ಪವಾಡಕ್ಕೆ ಮುನ್ನ ಯೇಸುಸ್ವಾಮಿ ಶಿಷ್ಯರನ್ನು ಮೊದಲು ಕೇಳಿದ್ದು ತಮ್ಮ ಬಳಿ ಏನಿದೆ ಎಂಬುದನ್ನೇ. ಆ ಪ್ರಶ್ನೆಗೆ ಪ್ರತಿಯೊಂದು ಧರ್ಮಕೇಂದ್ರವೂ ತನ್ನ ಗಡಿಯೊಳಗಿನ ಹೊಲಗದ್ದೆಗಳನ್ನು ಒಮ್ಮೆ ಎಣಿಸಿ ಉತ್ತರ ಕೊಡಲಿ.