ಹೆಸರು ಹೇಳದೆ ಆಡಿದ ಮಾತು

ತತ್ವಪದಗಳನ್ನು ನಾವು ಬಹುಕಾಲ ಯೋಗದ ಗುಟ್ಟು ಬಿಡಿಸುವುದಕ್ಕಷ್ಟೇ ಓದಿದ್ದೇವೆ. ಊರೆಂದರೆ ದೇಹ, ಒಂಬತ್ತು ಬಾಗಿಲೆಂದರೆ ನವದ್ವಾರ, ಅಲ್ಲಿಗೆ ಅರ್ಥ ಮುಗಿಯಿತು. ಹಾಗೆ ಮುಗಿಯುವುದಿಲ್ಲ ಎಂಬುದೇ ಈ ಸಂಚಿಕೆಯ ವಾದ.

ತತ್ವಪದಕಾರ ಕಡಕೋಳ ಮಡಿವಾಳಪ್ಪನವರು ಹುಟ್ಟಿದ್ದು ಅಫಜಲಪುರ ಸೀಮೆಯ ಬಿದನೂರಿನಲ್ಲಿ, ನೆಲೆ ನಿಂತದ್ದು ಜೇವರ್ಗಿ ಸೀಮೆಯ ಕಡಕೋಳದಲ್ಲಿ. ಮಠದ ದರ್ಪವನ್ನು ಎದುರು ಹಾಕಿಕೊಂಡವರು. ಚೆನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು, ತೆಲಗಬಾಳ ರೇವಪ್ಪನವರು, ಹೀಗೆ ಜಾತಿ ಧರ್ಮ ಕೇಳದೆ ಶಿಷ್ಯರು ಬಂದರು. ಆಗ ಈ ನೆಲದ ಮೇಲೆ ನಿಜಾಮ, ಅವನ ಮೇಲೆ ಹೈದರಾಬಾದಿನಲ್ಲಿ ಕೂತ ಇಂಗ್ಲಿಷರ ರೆಸಿಡೆಂಟ್. ದಫ್ತರದ ಭಾಷೆ ಮೊದಲು ಪಾರ್ಸಿ, ಆಮೇಲೆ ಉರ್ದು. ಒಕ್ಕಲಿಗನ ಕಣ್ಣಿಗೆ ಬೀಳುತ್ತಿದ್ದುದು ಮಾತ್ರ ಗೌಡ, ಕುಲಕರ್ಣಿ, ಪಟ್ಟಿ ವಸೂಲಿಗೆ ಬಂದ ಜಹಗೀರುದಾರನ ಆಳು.

ಇಂಥವರ ನಡುವೆ ಬದುಕಿದವನು ಏಕತಾರಿ ಹಿಡಿದು ದೇಹವೆಂಬ ಊರಿನ ಗೌಡಿಕೆಯ ಪದ ಹಾಡಿದರೆ, ಎದುರು ಕೂತವರಿಗೆ ದೇಹವೊಂದೇ ಕಾಣುತ್ತಿತ್ತೇ? ನನಗೆ ಹಾಗನ್ನಿಸುವುದಿಲ್ಲ. ರೂಪಕ ಇಲ್ಲಿ ಅಂಜಿದವರ ಮರೆಯಷ್ಟೇ ಅಲ್ಲ, ತೀರ್ಪೂ ಹೌದು. ಯಮನ ಆಳು ಬಂದಾಗ ಗೌಡನೂ ಒಕ್ಕಲೇ, ಅವನ ವಾಯಿದೆಯೂ ಮುಗಿಯುತ್ತದೆ. ಆಳುವವನ ಅಧಿಕಾರ ಸ್ವಂತದ್ದಲ್ಲವೆಂದು ತುಂಬಿದ ಭಜನೆಯಲ್ಲಿ ಹೇಳುವುದು ಸಣ್ಣ ಮಾತಲ್ಲ. ಎದುರೆದುರು ನಿಂತವರ ಗತಿ ಪಕ್ಕದಲ್ಲೇ ಇತ್ತು: 1858ರಲ್ಲಿ ಸುರಪುರದ ದೊರೆ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡ. ಎರಡೇ ವರ್ಷಕ್ಕೆ ಅವರು ಆ ಸಂಸ್ಥಾನವನ್ನು ನಿಜಾಮನಿಗೆ ಕೊಟ್ಟುಬಿಟ್ಟರು.

ಕಂಪನಿಯ ನೇರ ಆಳ್ವಿಕೆ ಕಂಡ ಧಾರವಾಡದ ಕಡೆ ಶಿಶುನಾಳ ಶರೀಫರು (1819–1889) ಗಿರಣಿಯ ಮೇಲೆಯೇ ಪದ ಕಟ್ಟಿದರು. ಹೊಸ ಯಂತ್ರವೂ ದೇಹವಾಯಿತು. ಹಾಗೆಂದು ಪ್ರತಿ ಪದಕ್ಕೂ ರಾಜಕೀಯದ ಅರ್ಥ ಹಚ್ಚಹೊರಟರೆ ಪದ ಸಾಯುತ್ತದೆ. ಎರಡು ಅರ್ಥಗಳೂ ಒಟ್ಟಿಗೆ ಉಸಿರಾಡಬೇಕು. ಅದಕ್ಕೆ ಪದ ಹುಟ್ಟಿದ ಊರು, ಅಲ್ಲಿನ ಜಮೀನು, ಅಲ್ಲಿನ ಸಾಲ ಗೊತ್ತಿರಬೇಕು. ನಮ್ಮ ಸಂಪಾದಿತ ಪುಸ್ತಕಗಳಲ್ಲಿ ಕಠಿಣ ಪದಗಳ ಅರ್ಥಕೋಶ ಇರುತ್ತದೆ, ಈ ವಿವರ ಸಿಗುವುದು ಅಪರೂಪ.

ನಿಜಾಮನ ಆಳ್ವಿಕೆ ಕೊನೆಗೊಂಡ 1948ರ ಸೆಪ್ಟೆಂಬರ್ 17ರ ಮುಂಚಿನ ದಿನಗಳನ್ನು ಕಂಡು, ಈ ವಿವರ ಹೇಳಬಲ್ಲ ಹಿರಿಯರು ಈಗ ಕೆಲವರೇ ಉಳಿದಿದ್ದಾರೆ. ಆಳಂದ, ಅಫಜಲಪುರ, ಜೇವರ್ಗಿಯ ಓದುಗರಲ್ಲಿ ಒಂದು ಕೋರಿಕೆ: ನಿಮ್ಮ ಮನೆಯಲ್ಲಿ, ಭಜನಾ ಮಂಡಳಿಯಲ್ಲಿ ಕೈಬರಹದ ಪದಗಳ ಪುಸ್ತಕವಿದ್ದರೆ ನಕಲು ಮಾಡಿ ಕಳಿಸಿ. ಯಾರು ಹಾಡುತ್ತಿದ್ದರು, ಯಾವ ಊರಿನಲ್ಲಿ, ಕೇಳಿದವರು ಏನೆಂದು ತಿಳಿಯುತ್ತಿದ್ದರು ಎಂಬುದನ್ನೂ ಜೊತೆಗೆ ಬರೆಯಿರಿ.