ನಿಮ್ಮ ವಿಷಯ ಕೊಂಚ ಹೇಳಿ

ನೌಕರಿಯ ಸಂದರ್ಶನಕ್ಕೆ ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ ಪ್ರಾಯಶಃ ಒಂದೇ: "ನಿಮ್ಮ ವಿಷಯ ಕೊಂಚ ಹೇಳಿ." ನಮ್ಮ ವಿದ್ಯಾರ್ಥಿಗಳು ಇದಕ್ಕೆ ತಡವರಿಸುವಷ್ಟು ಗಣಿತದ ಪ್ರಶ್ನೆಗೂ ತಡವರಿಸರು. ಇಂಗ್ಲಿಷ್ ಬಾರದಿರುವುದೇ ಇದಕ್ಕೆ ಕಾರಣವೆಂದು ಎಲ್ಲರೂ ಹೇಳುತ್ತಾರೆ. ನಮಗೆ ಹಾಗೆ ತೋರುವುದಿಲ್ಲ.

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಭೋಸರಿಯ ಕಾರಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಸಹಾಯಕನ ಕೆಲಸಕ್ಕೆ ಅರ್ಜಿ ಹಾಕಿ, ಒಂದು ಕಾಗದ ಹಿಡಿದುಕೊಂಡು ನಮ್ಮಲ್ಲಿಗೆ ಬಂದನು. ಯಾರೋ ಬರೆದುಕೊಟ್ಟ ಇಂಗ್ಲಿಷ್ ಪರಿಚಯವದು. 'ಮೈಸೆಲ್ಫ್' ಎಂದು ಮೊದಲಾಗಿ, ತಾನು ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಡನೆ ಕೂಡಿ ದುಡಿಯಬಲ್ಲವನು ಎಂದು ಮುಗಿಯುತ್ತಿತ್ತು. ಅದರಲ್ಲಿ ಆ ಹುಡುಗನು ಎಲ್ಲಿಯೂ ಇರಲಿಲ್ಲ. ಕಾಗದವನ್ನು ಬದಿಗಿರಿಸಿ, ದಿನವೆಲ್ಲ ಏನು ಮಾಡುತ್ತೀ ಎಂದು ಕೇಳಿದೆವು. ಅವನ ತಂದೆ ಯಾದಗಿರಿಯ ಕಡೆಯಿಂದ ಬಂದ ಕಟ್ಟಡ ಕೆಲಸದವರ ಮುಕಾದಮರು. ಮೂವತ್ತು ಜನರ ಹಾಜರಿ, ಸಿಮೆಂಟು ಚೀಲಗಳ ಲೆಕ್ಕ, ವಾರದ ಬಟವಾಡೆ ಇವೆಲ್ಲವನ್ನೂ ಎರಡು ವರ್ಷಗಳಿಂದ ಇವನೇ ಕನ್ನಡದಲ್ಲಿ ಬರೆದಿಡುತ್ತಾನೆ. ಗುತ್ತಿಗೆದಾರನಿಗೆ ಮರಾಠಿಯಲ್ಲಿ ಒಪ್ಪಿಸುತ್ತಾನೆ. ಸ್ಟೋರ್ಸಿನ ಕೆಲಸವೆಂದರೆ ಇದಲ್ಲದೆ ಮತ್ತೇನು? ಇದನ್ನೇಕೆ ಬರೆಯಲಿಲ್ಲವೆಂದರೆ, "ಅದು ಮನೀ ಕೆಲ್ಸ ಅಲ್ರೀ, ಸರ" ಎಂದನು.

ಆದುದರಿಂದ ಪರಿಚಯವನ್ನು ಮೊದಲು ಕನ್ನಡದಲ್ಲಿಯೇ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ. ಇಂಗ್ಲಿಷಿನಲ್ಲಿ ಆರಂಭಿಸಿದರೆ ನಮಗೆ ಬರುವ ವಾಕ್ಯಗಳನ್ನು ಬರೆಯುತ್ತೇವೆ. ಕನ್ನಡದಲ್ಲಿಯಾದರೆ ನಡೆದುದನ್ನು ಬರೆಯುತ್ತೇವೆ. ಹೆಸರು, ಅಂಕಗಳು ಅರ್ಜಿಯಲ್ಲಿಯೇ ಇವೆ. ಅವು ಒಂದು ವಾಕ್ಯದಲ್ಲಿ ಮುಗಿಯಲಿ. ಕೈಯಾರೆ ಮಾಡಿದ ಒಂದು ಕೆಲಸಕ್ಕೆ ನಾಲ್ಕು ವಾಕ್ಯ, ಅದು ಈ ನೌಕರಿಗೆ ಹೇಗೆ ಒದಗುವುದೆಂಬುದಕ್ಕೆ ಇನ್ನೊಂದು. ಒಂದೂವರೆ ನಿಮಿಷ ಸಾಕು. ಬಳಿಕ ಇಂಗ್ಲಿಷಿಗೋ ಮರಾಠಿಗೋ ತಿರುಗಿಸಿಕೊಳ್ಳಬಹುದು. (ಮರಾಠಿಯಲ್ಲಿ ಖುರ್ಚಿ ಸ್ತ್ರೀಲಿಂಗ, ಟೇಬಲ್ ನಪುಂಸಕ, ನಮಗೆ ಎರಡೂ 'ಅದು'. ಅಲ್ಲಿ ತಪ್ಪಿದರೆ ಪುಣೆಯವರು ನಗುತ್ತಾರೆ. ಅಷ್ಟಕ್ಕೇ ನೌಕರಿ ತಪ್ಪದು.)

ಮಾತು ಚಿಕ್ಕದಾದರೂ ತನ್ನದೇ ಆಗಿದ್ದರೆ ಏನಾಗಬಲ್ಲುದೆಂಬುದಕ್ಕೆ ಈ ಊರಿನಲ್ಲಿಯೇ ನಿದರ್ಶನವಿದೆ. 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಹುಬ್ಬಳ್ಳಿಯ ಸುಧಾ ಕುಲಕರ್ಣಿಯವರು, ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲವೆಂಬ ಸಾಲನ್ನು ಕಂಡು ಜೆ. ಆರ್. ಡಿ. ಟಾಟಾ ಅವರಿಗೊಂದು ಅಂಚೆಕಾರ್ಡು ಬರೆದರು. ಉತ್ತರವಾಗಿ ತಂತಿ ಬಂದಿತು. ಸಂದರ್ಶನವು ಪುಣೆಯಲ್ಲಿ ನಡೆಯಿತು. ಕಾರಖಾನೆಯಲ್ಲಿ ಹಿಂದೆಂದೂ ಹೆಂಗಸರು ದುಡಿದಿಲ್ಲವೆಂದವರಿಗೆ, ಎಲ್ಲಿಯಾದರೂ ಒಂದು ಕಡೆ ಆರಂಭವಾಗಬೇಕಲ್ಲವೇ ಎಂಬರ್ಥದ ಉತ್ತರ ಕೊಟ್ಟುದಾಗಿ ಅವರೇ ಬರೆದಿದ್ದಾರೆ. ಅಂಚೆಕಾರ್ಡಿನಿಂದಲೇ ಕೆಲಸ ಸಿಕ್ಕಿತೆಂದು ಯಾರೂ ತಿಳಿಯಬಾರದು. ತಾಂತ್ರಿಕ ಪ್ರಶ್ನೆಗಳಿಗೆ ಉತ್ತರಿಸಿದ ಮೇಲೆಯೇ ಸಿಕ್ಕಿತು. ಮುಂದೆ ಲೇಖಕಿಯಾಗಿ ಹೆಸರಾದ ಸುಧಾ ಮೂರ್ತಿಯವರು ಇವರೇ.

ಕನ್ನಡ ಮಾಧ್ಯಮದಲ್ಲಿ ಕಲಿತುದನ್ನು ಸಂದರ್ಶನದಲ್ಲಿ ಮರೆಮಾಚಬೇಕೆಂದು ಕೆಲವು ಹಿರಿಯರು ಉಪದೇಶಿಸುತ್ತಾರೆ. ಅವರ ಭಯ ಪೂರ್ತಿ ಸುಳ್ಳಲ್ಲ. ಮೂಗು ಮುರಿಯುವವರು ಇದ್ದಾರೆ. ನಾವೂ ಈ ಊರಿಗೆ ಹೊಸದಾಗಿ ಬಂದಾಗ ಒಂದು ಕಡೆ ಆ ಮಾತನ್ನು ನುಂಗಿದ್ದೆವು. ಮೇಜಿನ ಆಚೆಗಿದ್ದವರು ನಮ್ಮ ಪ್ರಮಾಣಪತ್ರವನ್ನು ತಿರುವಿ, ಶಾಲೆಯ ಹೆಸರನ್ನು ತಾವೇ ಗಟ್ಟಿಯಾಗಿ ಓದಿದರು. ಅನಂತರ ನಾವಾಡಿದ ನಿಜವಾದ ಮಾತುಗಳಿಗೂ ಬಲವಿಲ್ಲದೆ ಹೋಯಿತು. ಆ ತಪ್ಪು ನಮ್ಮದೇ.

ಆ ಹುಡುಗನು ಹಾಜರಿ ಪುಸ್ತಕವನ್ನೇ ಚೀಲದಲ್ಲಿಟ್ಟುಕೊಂಡು ಹೋದನು. ಅಲ್ಲಿದ್ದವರು ಕನ್ನಡ ಓದಲಾರದೆ, ಅಂಕಿಗಳನ್ನಷ್ಟೇ ನೋಡಿ, ಒಂದು ಪುಟವನ್ನು ತಾವೇ ಕೂಡಿಸಿ ಪರೀಕ್ಷಿಸಿದರಂತೆ. ಮೊತ್ತ ಸರಿಯಾಗಿತ್ತು. ಈಗ ಅವನಿಗೆ ಅಲ್ಲಿ ಎರಡನೆಯ ಪಾಳಿ.